ಟ್ಯಾಂಕು ತುಂಬಿಸಿದ ದಿನ

ಮಂಡಕ್ಕಿ ಭಟ್ಟಿಗಳ ಸಾಲಿಗೆ ಬೆನ್ನು ಕೊಟ್ಟು ನನ್ನ ಗ್ಯಾರೇಜು.
ಬೆಳಿಗ್ಗೆ ಒರೆಸಿಟ್ಟ ಪಾನಾ ಮಧ್ಯಾಹ್ನಕ್ಕೆ ಮಸಿ.
ಹಾಗಾಗಿ ಗುರುಸಿದ್ದಯ್ಯನವರ ಕೆಂಪು ಗಾಡಿ
ಹಗ್ಗ ಕಟ್ಟಿಸಿಕೊಂಡು ಟ್ರ್ಯಾಕ್ಟರಿನ ಹಿಂದೆ ಬಂದಾಗ
ಮೊದಲು ಬೈದದ್ದು ಹೊಗೆಯನ್ನೇ:
ಏರ್ ಫಿಲ್ಟರು ಕಟ್ಟಿರಬೇಕು ಸ್ವಾಮೀ,
ದಾವಣಗೆರೆಯಲ್ಲಿ ಇಂಜಿನ್ನೂ ಕೆಮ್ಮುತ್ತದೆ.

ಫಿಲ್ಟರು ಕಟ್ಟಿರಲಿಲ್ಲ.

ಎರಡೇ ಸೀಟು. ಬಟ್ಟೆಯ ಮಾಡು. ಪಕ್ಕದಲ್ಲಿ ನಿಂತರೆ ಸೊಂಟಕ್ಕೆ ಬರುವಷ್ಟು ಕುಳ್ಳು.
ಗಿರಣಿ ಬಾಗಿಲು ಹಾಕಿದಾಗ
ಹದಿನಾಲ್ಕು ತಿಂಗಳ ಸಂಬಳದ ಬದಲು ಸಾಹುಕಾರರು ಕೊಟ್ಟ ಕೀಲಿ.
ಟೈಮ್ ಕೀಪರಿಗೆ ಇಂಗ್ಲೆಂಡಿನ ಓಟದ ಕಾರು!
ಹತ್ತಿಯ ಧೂಳು ಕೊಡವಿ ಮನೆಗೆ ತಂದರಂತೆ,
ದಾರಿಯುದ್ದಕ್ಕೂ ಮೊದಲ ಗೇರಿನಲ್ಲೇ,
ಎರಡನೆಯದು ಎಲ್ಲಿದೆಯೋ ಗೊತ್ತಾಗದೆ.

ರೋಗ ಇದು: ಹೈವೇ ಹತ್ತುತ್ತದೆ, ಹಾಡುತ್ತ ಓಡುತ್ತದೆ,
ಆನಗೋಡು ದಾಟಿದ್ದೇ ದನಿ ಸಣ್ಣಗಾಗಿ
ಎರಡು ಸಲ ಮುಗ್ಗರಿಸಿ ನಿಲ್ಲುತ್ತದೆ.
ಅರ್ಧ ಗಂಟೆ ಬಿಟ್ಟರೆ, ಏನೂ ಆಗದವರ ಹಾಗೆ, ಹೊರಡುತ್ತದೆ.
ನನ್ನ ಬಾಗಿಲಿಗೆ ಬಂದರಂತೂ ಮೊದಲ ಸಲಕ್ಕೇ ಸ್ಟಾರ್ಟು,
ಶಾಲೆಗೆ ರಜೆ ಎಂದು ತಿಳಿದ ಹುಡುಗನ ಹೊಟ್ಟೆನೋವು.

ಬಿಸಿಯಾದ ಕಾಯಿಲು ಹೀಗೆ ಕೈಕೊಡುವುದುಂಟು. ಬದಲಿಸಿದೆ.
ಕಂಡೆನ್ಸರು. ಬದಲಿಸಿದೆ.
ಪ್ಲಗ್ಗು ನಾಲ್ಕೂ ಬಿಸ್ಕತ್ತಿನ ಬಣ್ಣ, ತಕರಾರಿಲ್ಲ.
ಜೋಡಿ ಕಾರ್ಬುರೇಟರು ಬಿಚ್ಚಿ
ಹಿತ್ತಾಳೆಯ ಜೆಟ್ಟನ್ನು ಸೂರ್ಯನಿಗೆ ಹಿಡಿದೆ,
ಆ ಕಡೆಯ ಬೆಳಕು ಈ ಕಡೆ ಚೊಕ್ಕಟವಾಗಿ ಬಂತು.
ಅಂಜಿನಿ ಅಂದ: ಉಸ್ತಾದ್, ಈ ಗಾಡಿಗೆ ಆನಗೋಡು ಆಗಿಬರಲ್ಲ,
ನಿಂಬೆಹಣ್ಣು ಕಟ್ಟಾನ.
ಅವನೇ ಪೋಣಿಸಿದ, ಅವನೇ ಕಟ್ಟಿದ.
ನಿಂಬೆಹಣ್ಣಿನ ಸಮೇತ ನಿಂತಿತು.

ಆಗ ಅವರು ಸೀಟಿನ ಹಿಂದಿನಿಂದ ತೆಗೆದದ್ದು ಹಾಜರಿ ಪುಸ್ತಕ,
ಗಿರಣಿಯದೇ. ಖಾಲಿ ಉಳಿದ ಹಾಳೆಗಳಲ್ಲಿ, ಕೆಂಪು ಶಾಯಿಯಲ್ಲಿ:

ತಾ. ೯. ಬೆಳಿಗ್ಗೆ ೬–೪೦. ಆನಗೋಡು ಬಿಟ್ಟು ಒಂದು ಫರ್ಲಾಂಗು. ಪೆಟ್ರೋಲು ಭರ್ತಿ.
ತಾ. ೧೪. ೭–೨೫. ಭರಮಸಾಗರದ ಹತ್ತಿರ. ಪೆಟ್ರೋಲು ಅರ್ಧ.
ತಾ. ೨೧. ನಿಲ್ಲಲಿಲ್ಲ. ಚಿತ್ರದುರ್ಗ ಮುಟ್ಟಿದೆ. ಪೆಟ್ರೋಲು ಕಾಲು.
ಧೈರ್ಯಕ್ಕೆ ಅಲ್ಲೇ ಭರ್ತಿ ಮಾಡಿಸಿದೆ.
ಅದೇ ದಿನ, ವಾಪಸು, ಹದಿನಾರನೇ ಕಿಲೋಮೀಟರಿಗೆ ನಿಂತಿತು.

ಮೂರು ಸಲ ಓದಿದೆ.
ಹಸಿದಾಗ ಓಡುತ್ತಿದೆ, ಉಂಡಾಗ ಬೀಳುತ್ತಿದೆ.
ಹೆದರಿಕೆಗೆಂದು ತುಂಬಿಸಿದಷ್ಟೂ
ಒಳಗೆ ಗಾಳಿಗೆ ಜಾಗ ಕಮ್ಮಿ.

ಅವತ್ತು ಸಂಜೆ ಕಂಠಮಟ್ಟ ತುಂಬಿಸಿ ಅವರ ಪಕ್ಕ ಕೂತೆ.
ಆನಗೋಡು. ಒಂದು ಫರ್ಲಾಂಗು.
ಪಂಪಿನ ಟಿಕ್‌ಟಿಕ್ ದೂರದೂರವಾಗುತ್ತ ಬಂತು,
ನಿದ್ದೆಗೆ ಜಾರುವವನ ಉತ್ತರಗಳ ಹಾಗೆ.
ನಿಂತಿತು.
ಹಾರಿ ಇಳಿದು ಹಿಂದಕ್ಕೆ ಓಡಿ ಟ್ಯಾಂಕಿನ ಮುಚ್ಚಳ ತಿರುಚಿದರೆ
ಉಸ್ಸ್!
ಬಾವಿಯ ತಳ ಮುಟ್ಟಿ ಮೇಲೆ ಬಂದವನ ಹಾಗೆ
ಟ್ಯಾಂಕು ಗಾಳಿ ಎಳೆದುಕೊಂಡಿತು.
ಮುಂದೆ ಪಂಪು ಗಡಿಬಿಡಿಯಿಂದ ಎಣಿಸತೊಡಗಿತು.

ಮುಚ್ಚಳದ ನಡುವೆ ಒಂದು ತೂತು, ಸಾಸಿವೆಯೂ ಹಿಡಿಸದು.
ಅದರ ತುಂಬ ಬಿಳೀ ಮೇಣ.
ಯಾವ ಪಾಲಿಷು, ಅಂದೆ.
ಪ್ರತಿ ಭಾನುವಾರ, ಅಂದರು, ಪಂಚೆ ಹರಿದು, ಕೈಯಾರೆ,
ಮೂರು ವರ್ಷದಿಂದ.
ಮುಂದೆ ಇಬ್ಬರೂ ಮಾತಾಡಲಿಲ್ಲ. ಲಾರಿಯೊಂದು ಮೈಗೆ ಗಾಳಿ ಹೊಡೆದು ಹೋಯಿತು.

ನನ್ನ ಕಾಲರಿನಲ್ಲಿ ಸಿಕ್ಕಿಸಿಕೊಂಡದ್ದು
ಅಂಜಿನಿ ನಿಂಬೆಹಣ್ಣು ಪೋಣಿಸಿದ ಸೂಜಿ.
ಅದರಲ್ಲೇ ಚುಚ್ಚಿ ತೆಗೆದೆ. (ಇನ್ನು ಅವನ ಬಾಯಿ ಹಿಡಿಯುವವರಿಲ್ಲ.)

ಅಷ್ಟರಲ್ಲಿ ಪುಸ್ತಕ ತೊಡೆಯ ಮೇಲೆ.
ತಾ. ೩೦. ಸಂಜೆ ೫–೫೨. ಆನಗೋಡು.
ಕಾರಣ, ಎಂದು ಬರೆದು
ಪೆನ್ನು ಎತ್ತಿ ಹಿಡಿದೇ ಕೂತಿದ್ದರು.

ಆಮೇಲೆ ಬರೀರಿ ಅಯ್ಯನವರೇ,
ದುರ್ಗದ ಕಡೆ ರಸ್ತೆ ಖಾಲಿ ಐತಿ.
ಮೂರನೇ ಗೇರು ಹಾಕಿ. ಇನ್ನೂ. ಹಾಂ, ನಾಕು.