ಬಾಯಿ ತೆರೆದಿಡು

ಮೊದಲು ಕೈ ಹಾಕಿ ತಿರುಗಿಸಿ ನೋಡು, ಲ್ಯಾನ್ಸಿ,
ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ.
ಎಲ್ಲಿಯೂ ತಾಗದೆ ಒಂದು ಪೂರ್ತಿ ಸುತ್ತು ಬರಬೇಕು.
ಒಂದು ಚಿಮಟದ ತುದಿ ಜಾಲರಿಯಿಂದ ಇಣುಕಿದರೆ ಸಾಕು,
ರೆಕ್ಕೆ ಅಲ್ಲೇ ನಿಂತುಬಿಡುತ್ತದೆ.
ಯಂತ್ರ ಮಾತ್ರ ನಿಲ್ಲುವುದಿಲ್ಲ.
ನಲವತ್ತೆಂಟು ನಿಮಿಷ ಗುಡುಗಿ
ಹಸಿರು ದೀಪ ಹಚ್ಚುತ್ತದೆ.
ಸುಳ್ಳು ಹೇಳಿತು ಅನ್ನಬೇಡ,
ಅದಕ್ಕೆ ಗೊತ್ತಿರುವುದು
ಬಿಸಿ ಎಷ್ಟು, ಹೊತ್ತು ಎಷ್ಟು, ಅಷ್ಟೇ.

ಕಂಕನಾಡಿಯ ಈ ನೆಲಮಾಳಿಗೆಗೆ ಕಿಟಕಿ ಇಲ್ಲ.
ಮಧ್ಯಾಹ್ನವಾಯಿತೆಂದು ನಮಗೆ ತಿಳಿಯುವುದು
ಕ್ಯಾಂಟೀನಿನ ಬಂಗುಡೆ ಸಾರಿನ ವಾಸನೆ
ಲಿಫ್ಟಿನಲ್ಲಿ ಇಳಿದು ಬಂದಾಗ.
ಅದೇ ಲಿಫ್ಟಿನ ಪಕ್ಕದ ಲಿಫ್ಟಿನಲ್ಲಿ
ಮೂರನೇ ಮಾಳಿಗೆಯಲ್ಲಿ ಕೊಯ್ದದ್ದು, ಹಿಡಿದದ್ದು, ಹಿಂಡಿದ್ದು
ಮುಚ್ಚಿದ ಪೆಟ್ಟಿಗೆಯಲ್ಲಿ ನೊರೆ ಹೊದ್ದು ಬರುತ್ತದೆ.
ಒಣಗಲು ಬಿಡಬಾರದು ನೆತ್ತರನ್ನು,
ಒಣಗಿದರೆ ಅದು ಕಬ್ಬಿಣಕ್ಕೆ ನೆಂಟ.
ರೋಗಿಯ ಹೆಸರು ಇರುವುದಿಲ್ಲ. ಸೆಟ್ಟಿನ ನಂಬರು ಉಂಟು.

ಎಂತ ಮಾರಾಯ ಇದು, ಬೂತಾಯಿ ಬುಟ್ಟಿಯಾ?
ಒಂದರ ಮೇಲೊಂದು ಒಟ್ಟಿದರೆ
ಮೇಲಿನದು ಮೀಯುತ್ತದೆ,
ಕೆಳಗಿನದು ಬರೀ ಒದ್ದೆಯಾಗುತ್ತದೆ.
ಬೋಗುಣಿ ಬೋರಲು ಹಾಕು, ಸ್ವಲ್ಪ ಓರೆ,
ತಳದಲ್ಲಿ ನೀರು ಕೂರಬಾರದು.
ಟೊಳ್ಳು ಕೊಳವೆಗೆ ಅದರದ್ದೇ ನಳಿಗೆ ಸಿಕ್ಕಿಸು,
ಗಂಟಲು ತೊಳೆಯದೆ ತುಟಿ ಒರೆಸಿ ಎಂತ ಪ್ರಯೋಜನ?
ಕಣ್ಣಿನ ಸೆಟ್ಟಿಗೆ ಬೇರೆ ಬುಟ್ಟಿ, ಮುಚ್ಚಳದ್ದು,
ಅವು ನೀರಿನ ಪೆಟ್ಟು ತಡೆಯುವ ಜಾತಿಯಲ್ಲ.
ಮತ್ತೆ ಕತ್ತರಿ, ಆರ್ಟರಿ, ಕೀಲು ಇರುವ ಎಲ್ಲದ್ದೂ
ಬಾಯಿ ತೆರೆದಿರಲಿ,
ಮಧ್ಯಾಹ್ನದ ಬಿಸಿಲಿಗೆ ಬಾಯಾರಿದ ಕಾಗೆಯ ಕೊಕ್ಕಿನ ಹಾಗೆ.

ನಾನು ಹದಿನಾಲ್ಕು ವರ್ಷ ಗೇರುಬೀಜ ಒಡೆದವಳು.
ಬೂದಿ ಹಚ್ಚಿಕೊಂಡರೂ ಎಣ್ಣೆ ಸುಟ್ಟು
ಬೆರಳೆಲ್ಲ ಕಪ್ಪು. ಕೆಲಸ ಕೇಳಲು ಬಂದ ದಿನ
ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.
ಸೆವ್ರಿನ್ ಬಾಯಿ ಎಳೆದು ನೋಡಿದಳು.
"ಸಿಪ್ಪೆ ಒಡೆದು ಬೀಜ ಉಳಿಸಿದ ಕೈ," ಅಂದಳು,
"ನಾಳೆ ಏಳಕ್ಕೆ ಬಾ."

ಒಂದು ಶನಿವಾರ. ಆರು ಆಪರೇಶನ್.
ಮೇಲಿನಿಂದ ಫೋನಿನ ಮೇಲೆ ಫೋನು.
ಎರಡು ಬುಟ್ಟಿಯದ್ದನ್ನು ಒಂದಕ್ಕೇ ತುರುಕಿದೆ ನಾನು,
ಹೇಗಿತ್ತೋ ಹಾಗೆ, ಹಲ್ಲು ಕಚ್ಚಿದ್ದು ಕಚ್ಚಿದ ಹಾಗೆಯೇ.
ಹಸಿರು ದೀಪ ಬಂತು.
ಸೆವ್ರಿನ್ ಬಾಯಿ ಭೂತಗನ್ನಡಿಯ ಕೆಳಗೆ
ಒಂದೇ ಒಂದನ್ನು ಹಿಡಿದು ಕೀಲು ಬಿಡಿಸಿದಳು.
ಎಳ್ಳಿಗಿಂತ ಸಣ್ಣದು. ಕಾಫಿ ಬಣ್ಣ.
ಬಯ್ಯಲಿಲ್ಲ.
"ಇದು ಯಾರದ್ದು, ಜಲಜಾ?"
ನನಗೆ ಗೊತ್ತಿರಲಿಲ್ಲ.
"ಯಾರೊಳಗೆ ಹೋಗುತ್ತಿತ್ತು?"
ಅದೂ ಗೊತ್ತಿರಲಿಲ್ಲ.
ಆಮೇಲೆ ಫೋನು ಎತ್ತಿ,
"ಇನ್ನೊಂದು ಗಂಟೆ ಬೇಕು ಡಾಕ್ಟ್ರೇ, ತಪ್ಪು ನಮ್ಮದು," ಎಂದಳು.
ಅತ್ತಲಿಂದ ಬಿದ್ದ ಮಾತು ನನಗೂ ಕೇಳುತ್ತಿತ್ತು.
ನಮ್ಮದು ಎಂದಳು ಅವಳು.
ಅದರ ಮೇಲೆ ಈ ಕೋಣೆಯಲ್ಲಿ ನಾನು ಅವಸರ ಮಾಡಿದ್ದಿಲ್ಲ.

ಮನೆಯಲ್ಲಿ ಮಗಳು ನಗುತ್ತಾಳೆ,
ಅಮ್ಮ ಒಲೆಯ ಇಕ್ಕುಳವನ್ನೂ
ಬಾಯಿ ತೆರೆದೇ ಒಣಗಿಸುತ್ತಾಳೆ ಎಂದು.
ನಗಲಿ.

ಆಯ್ತಾ? ಎಲ್ಲ ಇಟ್ಟಾಯ್ತಾ?
ಚಂದ ಉಂಟು. ಬಾಗಿಲು ಹಾಕು.
ಏಯ್, ನಿಲ್ಲು.
ಆಗ ನೀನು ರೆಕ್ಕೆ ತಿರುಗಿಸಿದ್ದು ಖಾಲಿ ಇದ್ದಾಗ.
ಈಗ ತುಂಬಿದೆ.
ಇನ್ನೊಮ್ಮೆ ತಿರುಗಿಸು.