ಇದ್ದಿಲಲ್ಲಿ ಕೆಂಚಮ್ಮ

ಹಂಡೆಯ ತಳದಂಥ ಮೈ, ಹೆಸರು ಮಾತ್ರ ಕೆಂಚಮ್ಮ.
ಆಲೂರು ಕಡೆಯ ದೇವಿಯ ಹರಕೆಗೆ ಹುಟ್ಟಿದವಳು;
ಹೆಸರಲ್ಲಾದರೂ ಕೆಂಪಗಿರಲಿ ಅಂದಳಂತೆ ಅಜ್ಜಿ.

ಆರನೇ ಕ್ಲಾಸಲ್ಲಿ ಡ್ರಾಯಿಂಗ್ ಮೇಷ್ಟ್ರು
ಅಮ್ಮನ ಚಿತ್ರ ಬರೆಯಿರಿ ಅಂದಾಗ
ಡಬ್ಬಿಯಲ್ಲಿದ್ದ ಮೈಬಣ್ಣದ ಕ್ರೇಯಾನು
ಅವ್ವನ ಮೈಗೆ ಹತ್ತಲೇ ಇಲ್ಲ.
ಕರಿಯದನ್ನು ತೆಗೆದೆ. ಪಕ್ಕದ ಬೆಂಚು ನಕ್ಕಿತು.
ನಾನೂ ನಕ್ಕೆ.
ಈಗಲೂ ಉರಿಯುವುದು ಅದೇ, ನನ್ನ ನಗು.
ಅವ್ವನನ್ನು ನಾಲ್ಕು ಮಡಿಕೆ ಮಾಡಿ
ಲಂಗದ ಜೇಬಿಗೆ ತುರುಕಿದೆ.

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ
ಜೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ.
ಭಾನುವಾರ ಸಂಜೆ ಏಳೆಂಟು ಹೆಂಗಸರು.
ಆಸ್ಪತ್ರೆಯ ಆಯಾ ದ್ಯಾವೀರಮ್ಮ,
ಸೂಜಿ ಹೊಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡ
ಗಾರ್ಮೆಂಟ್ಸಿನ ತಾಹಿರಾ,
ಒಂದು ಫ್ಲಾಸ್ಕು ಕಾಫಿ, ಲೋಟ ಮೂರೇ.

ಕಡಲಾಚೆಯ ಕರಿಯ ಹೆಣ್ಣೊಬ್ಬಳು ಬರೆದದ್ದನ್ನು
ತಡವರಿಸುತ್ತ ಕನ್ನಡ ಮಾಡಿ ಓದುತ್ತೇನೆ:
ಯಾರದೋ ಹತ್ತಿ ಬಿಡಿಸಿ ಬೆರಳು ಸೀಳಿಸಿಕೊಂಡವರು,
ಯಾರದೋ ಕೂಸಿಗೆ ಎದೆ ಕೊಟ್ಟವರು,
ತಮ್ಮ ಗಂಡಸರ ಸಭೆಯಲ್ಲೂ
ಬಿಳಿ ಹೆಂಗಸರ ಸಭೆಯಲ್ಲೂ
ಬಾಗಿಲ ಬಳಿಯೇ ನಿಂತವರು.
ಬಿಡುಗಡೆ ಎಂಬ ಮಾತು ಬಂದಾಗಲೆಲ್ಲ
ತಾಹಿರಾ ತಡೆಯುತ್ತಾಳೆ: ಎಷ್ಟು ಗಂಟೆಗೆ?

ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅವ್ವ
ಕೈ ನಿಲ್ಲಿಸಿ ಕೇಳಿದಳು,
ಇವಳು ಯಾವ ಕೇರಿಯೋಳವ್ವ?

ಯಾರೂ ನಗಲಿಲ್ಲ.
ದೂರದೋಳು ಕಣೇ, ಅಂದಳು ದ್ಯಾವೀರಮ್ಮ,
ನೆಂಟಳಾಗಬೇಕು.

ನೆಂಟಸ್ತಿಕೆ ನಿಜ, ಆದರೂ ಒಂದೇ ಅಲ್ಲ.
ಅವಳಿಗೆ ಸಂಕೋಲೆ,
ನಮಗೆ ಬೇರೆ ಲೋಟ.

ಆ ರಾತ್ರಿ ನೀರೊಲೆಯ ಇದ್ದಿಲು ಆರಿಸಿಟ್ಟೆ.
ಮುಂದಿನ ವಾರ ಕೋಣೆಯ ಗೋಡೆಗೆ ಸುಣ್ಣ ಬಳಿದು
ಅವ್ವನನ್ನು ಎದುರಿಗೆ ಕೂರಿಸಿದೆ.
ಕೂರಲು ಬರದವಳು.
ಸಕಲೇಶಪುರದ ತೋಟದಲ್ಲಿ ಮೂವತ್ತು ವರ್ಷ
ನಿಂತೇ ಹಣ್ಣು ಬಿಡಿಸಿದವಳು.
ಸುಮ್ನೆ ಕೂರೋಕೂ ಕೂಲಿ ಕೊಡ್ತೀಯಾ? ಅಂದಳು.
ಆಮೇಲೆ ಮಾತಾಡಲಿಲ್ಲ. ಒಮ್ಮೆ ತೂಕಡಿಸಿದಳು.

ಕತ್ತು, ಜಿಗಣೆ ಕಚ್ಚಿದ ಕಾಲು,
ಮೂಗಿಗೆ ನತ್ತಿಲ್ಲದ ತೂತು.
ಗೋಡೆಯನ್ನು ಮಡಚಲಾಗುವುದಿಲ್ಲ.

ಎದ್ದು ಬಂದು ನೋಡಿದಳು, ಬಹಳ ಹೊತ್ತು.
ಇಲ್ಲಿ ಕಂಜೂಸಿ ಮಾಡಿದ್ದೀಯ,
ಇನ್ನೊಂಚೂರು ಕಪ್ಪು ಹಾಕು.
ಹಾಕಿದೆ.
ಆಗ ನನ್ನ ಕೈಯಿಂದ ಇದ್ದಿಲು ಕಸಿದು
ಗೋಡೆಯ ಕೆಂಚಮ್ಮನ ಕೆನ್ನೆಗೆ
ಒಂದು ದೃಷ್ಟಿಬೊಟ್ಟು ಇಟ್ಟಳು.

ಕಪ್ಪಿನ ಮೇಲೆ ಕಪ್ಪು.
ಬಂದವರಿಗೆ ಕಾಣುವುದಿಲ್ಲ.
ಇದೆ.