ಪಟ್ಟಿಯಲ್ಲಿ ಎರಡು ಅಡ್ಡಗೆರೆ

ಬುಧವಾರದ ಪ್ಯಾಸೆಂಜರ್ ರೈಲಿಗೆ
ಮಂಡ್ಯದಿಂದ ಬರುತ್ತಿದ್ದಳು ಹೊಂಬಾಳಮ್ಮ,
ಕೊತ್ತತ್ತಿಯ ಗದ್ದೆ ತೆವರಿಯ ನಳ್ಳಿಗಳನ್ನು
ಬೋಸಿಯಲ್ಲಿ ತುಂಬಿ, ಒದ್ದೆ ಗೋಣಿ ಮುಚ್ಚಿ.
ಮಾನಸಗಂಗೋತ್ರಿಯ ಲ್ಯಾಬಿನ ಹಿಂಬಾಗಿಲಲ್ಲಿ ಕೂತು
ಒಂದಕ್ಕೆ ನಾಲ್ಕು ರೂಪಾಯಿಯಂತೆ ಎಣಿಸಿ ಕೊಡುವಳು.
ಸಾರಿಗೆ ಕೊಟ್ಟರೆ ಆರು ಸಿಗುತ್ತಿತ್ತಂತೆ.
ಓದೋ ಮಗ ಅಂತ ನನಗೆ ನಾಲ್ಕು.

ನಾನು ತೂಗುತ್ತಿದ್ದೆ.
ಐಸಿನ ಮೇಲೆ ಮಲಗಿಸಿ, ಕಾಲಾಡುವುದು ನಿಂತ ಮೇಲೆ
ಬೆನ್ನು ತೆರೆದರೆ
ಎರಡು ಬದಿಗೂ ಯಕೃತ್ತು, ಕಲೆಸಿದ ಅರಿಶಿನ,
ನಡುವೆ ದಾರದೆಳೆಯಂಥ ಅಂಡಾಶಯ.

ತಿಂಗಳು ತಿಂಗಳೂ ಅದೇ ಕತೆ, ಬೇರೆ ಅಂಕಿಗಳಲ್ಲಿ:
ಇದು ಕರಗುತ್ತದೆ, ಅದು ತುಂಬುತ್ತದೆ.
ಕೊಳೆತ ಭತ್ತದೆಲೆ, ಬಸವನಹುಳು, ಸತ್ತ ಕಪ್ಪೆ,
ಮಳೆಗಾಲದಲ್ಲಿ ತಿಂದದ್ದೆಲ್ಲ ಕೊಬ್ಬಾಗಿ ಕೂತದ್ದು
ತುಸುತುಸುವೇ ನೀಲಿ ನೆತ್ತರಿಗಿಳಿದು
ಬಿಳಿಯೆಳೆಗೆ ಹಳದಿ, ಹಳದಿಗೆ ಕಿತ್ತಳೆ ಬಳಿಯುತ್ತದೆ.
ಕಣಜದಿಂದ ತೊಟ್ಟಿಲಿಗೆ ಎಂದು ಬರೆದು
ಗೈಡು ನೋಡುವ ಮೊದಲೇ ಹೊಡೆದುಹಾಕಿದೆ.
ಗ್ಲೈಕೋಜನ್ ಇಳಿಕೆ, ಎಂದು ತಿದ್ದಿದೆ.

ಇನ್ನೊಂದು ಪ್ರಯೋಗ: ಕಣ್ಣಿನ ಕಾಂಡ ಕತ್ತರಿಸುವುದು.
ತಡೆಯುವ ಹಾರ್ಮೋನು ಇರುವುದು ಅಲ್ಲೇ,
ಇನ್ನೂ ಹೊತ್ತಾಗಿಲ್ಲ, ತಾಳು, ಎನ್ನುವುದು ಅದೇ.
ಕತ್ತರಿಸಿ ಹದಿನೈದು ದಿನಕ್ಕೆ
ಅಂಡಾಶಯ ದುಪ್ಪಟ್ಟು.
ಕುರುಡಿ ತೊಟ್ಟಿಯ ಮೂಲೆಯಲ್ಲಿ
ಇಕ್ಕಳ ಎತ್ತಿ ಯಾವ ದಿಕ್ಕನ್ನೋ ಹೆದರಿಸುತ್ತಿತ್ತು.
ಆ ರಾತ್ರಿ ಊಟ ಸೇರಲಿಲ್ಲ ಎಂದರೆ ಸುಳ್ಳು.
ಚೆನ್ನಾಗಿಯೇ ತಿಂದೆ.

ಮೇ, ಜೂನ್ ಮಾತ್ರ ಖಾಲಿ.
ಹೊಟ್ಟೆಯ ಮುಚ್ಚಳದಡಿ ಮೊಟ್ಟೆ ಹೊತ್ತವು ಬೇಕೆಂದು
ಚಿತ್ರ ಬರೆದು ತೋರಿಸಿದೆ.
ತಲೆಕೆಳಗು ಹಿಡಿದು ನೋಡಿದಳು ಹೊಂಬಾಳಮ್ಮ.
"ಅಂತವು ಸಿಕ್ನಿಲ್ಲ ಕನವ್ವ.
ನಾಲೆ ನಿಲ್ಸವ್ರೆ, ಎಲ್ಲ ಬಿಲ ಸೇರ್ಕಂಡವೆ."
ಎಂಟು ಕೊಡುತ್ತೇನೆಂದೆ. ಸಿಕ್ನಿಲ್ಲ.
ಹತ್ತು.
ಸಿಕ್ನಿಲ್ಲ.
ಎರಡು ಅಡ್ಡಗೆರೆ ಎಳೆದು ಕೆಳಗೆ ಬರೆದೆ:
'ಈ ಅವಧಿಯಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳು ಅಲಭ್ಯ.'
ಹಾಗೇ ಬೈಂಡ್ ಆಯಿತು, ಹಾಗೇ ಡಾಕ್ಟರೇಟು.

ಹನ್ನೊಂದು ವರ್ಷದ ಮೇಲೆ ಕೊತ್ತತ್ತಿಗೆ ಹೋದೆ.
ಅವಳ ಮಂಡಿ ಸವೆದಿತ್ತು.
ನಾಲೆಗೆ ನೀರು ಬಿಟ್ಟು ಎರಡೇ ದಿನ.
ತೂಬಿನ ಕಲ್ಲ ಮೇಲೆ ಕೂತು ಕೋಲಿನಲ್ಲಿ ತೋರಿದಳು:
ಬಿಲದ ಬಾಯಲ್ಲಿ ಒಂದು ನಳ್ಳಿ
ಮುಚ್ಚಳ ಅರೆತೆರೆದು
ಮರಿಗಳನ್ನು ನೀರಿಗುದುರಿಸುತ್ತಿತ್ತು.
ಕಡಲಿನವುಗಳ ಹಾಗೆ ತೇಲುವ ಚುಕ್ಕಿಗಳಲ್ಲ;
ಎಂಟು ಕಾಲು, ಎರಡು ಇಕ್ಕಳ,
ಹುಟ್ಟುವಾಗಲೇ ಪೂರ್ತಿ ನಳ್ಳಿ,
ಹುರುಳಿಕಾಳಿನಷ್ಟು ಜಗಳಗಂಟರು.

ತಾಯಿ ಎಷ್ಟು ದಿನದಿಂದ ಉಪವಾಸವೋ,
ಒಳಗೆ ಅರಿಶಿನ ಎಷ್ಟು ಉಳಿದಿದೆಯೋ.
ನನ್ನ ಕೈ ತಾನಾಗಿ ತಕ್ಕಡಿ ಹುಡುಕಿತು.

"ಆವಾಗ್ಲೂ ಬೇಜಾನ್ ಸಿಕ್ಕಿದ್ದೊ," ಎಂದಳು ನೀರು ನೋಡುತ್ತ,
"ಒಡ್ಲು ತುಂಬಿದ್ದವ ಬಿಲಕ್ಕೇ ಬುಟ್ಬುಟ್ಟೆ ಕನವ್ವ.
ನಿಂಗೇನಾರ ತೊಂದ್ರೆ ಆಯ್ತಾ?"

ಇಲ್ಲ, ಎರಡು ಗೆರೆ ಅಷ್ಟೇ, ಎಂದೆ.

"ಹತ್ರುಪಾಯಿ ಅಂದಾಗ," ಸ್ವಲ್ಪ ಹೊತ್ತು ಬಿಟ್ಟು,
"ಒಂದ್ ಗಳ್ಗೆ ಮನ್ಸಾಗಿತ್ತು."